ಜೊಂಡಿನ ಪಥ್ಯ

ಅತ್ತಿಗೆ: ನಿನ್ನ ಎದೆಯಲ್ಲಿರೋದು ಹೃದಯ ಅಲ್ಲ ಕಣೋ, ಕಾಂಕ್ರೀಟು. ಅದೂ ದಿನಾ ನೀರು ಹಾಕಿ ಗಟ್ಟಿ ಮಾಡಿರೋದು.

ಸಿಮೆಂಟಪ್ಪ: ಬೆಳಿಗ್ಗೆ ಬೆಳಿಗ್ಗೆನೇ ಶುರುವಾಯ್ತಾ ಅತ್ತಿಗೆ? ನಾನೇನು ಮಾಡ್ದೆ ಈಗ?

ಗಂಡನ ತಮ್ಮನ ಬಗ್ಗೆ ಅತ್ತಿಗೆ ಕೊಟ್ಟ ಈ ತೀರ್ಪು ಹಳೆಯದು. ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳು ನೀರಿನ ಇಂಜಿನಿಯರು, ಅವನು ಅಂಗಳದ ಮೇಲ್ವಿಚಾರಕ. ಮಣ್ಣು ಕಂಡಲ್ಲೆಲ್ಲ ಸಿಮೆಂಟು ಬಳಿಸಿ ಆ ಅಡ್ಡಹೆಸರು ಸಂಪಾದಿಸಿದ್ದ. ಉಳಿದದ್ದು ಹಿಂಬದಿಯ ಒಂದೇ ತುಂಡು ನೆಲ. ಅಲ್ಲಿ ಅವಳು ಜಲ್ಲಿಕಲ್ಲು ತುಂಬಿಸಿ ಜೊಂಡು ಬೆಳೆಸಿದ್ದಳು. ಕಾರ್ಖಾನೆಯ ಕೊಳೆನೀರು ಒಂದು ತುದಿಯಲ್ಲಿ ಹೊಕ್ಕು, ಬೇರುಗಳ ನಡುವೆ ನಿಧಾನವಾಗಿ ಹಾದು, ಇನ್ನೊಂದು ತುದಿಯಲ್ಲಿ ತಿಳಿಯಾಗಿ ಹೊರಬರಬೇಕು. ಸಿಮೆಂಟಪ್ಪನಿಗೆ ಅದೇ ಜಾಗ ಲಾರಿ ನಿಲ್ಲಿಸಲು ಬೇಕಿತ್ತು. ಜೊಂಡೋ ಲಾರಿಯೋ ಎಂದು ತೀರ್ಮಾನಿಸಲು ಕಾರ್ಖಾನೆಯ ಯಜಮಾನರು ಬರುವ ದಿನವೇ ಜೊಂಡು ಹಳದಿ ತಿರುಗಿ ಜೋತುಬಿದ್ದಿತ್ತು.

ಅತ್ತಿಗೆ: ಅಮ್ಮನ ಆಪರೇಷನ್ನು ಅಂತ ನಾನು ತವರಿಗೆ ಹೋಗಿ ಬರೋದ್ರೊಳಗೆ ಇವುಗಳ ಗತಿ ನೋಡು! ಏನು ಸುರಿದೆ, ನಿಜ ಹೇಳು.

ಸಿಮೆಂಟಪ್ಪ: ಅಣ್ಣನ ಮುಖಾನೂ ನೀವಿಲ್ಲದಾಗ ಹಳದಿ ಆಗಿತ್ತು. ಅವನಿಗೂ ನಾನೇ ಸುರಿದೆನಾ?

ಅತ್ತಿಗೆ: ಅವರದು ಹೋಟೆಲ್ ಊಟದ ಫಲ. ಮಾತು ತಿರುಗಿಸಬೇಡ. ಆಸಿಡ್ಡಾ? ಉಪ್ಪಾ?

ಸಿಮೆಂಟಪ್ಪ: ಛೇ ಛೇ! ನನ್ನನ್ನೇನು ಕಟುಕ ಅಂದ್ಕೊಂಡ್ರಾ?

ಅತ್ತಿಗೆ: ಅಂದ್ಕೊಳ್ಳೋದೇನು, ಗೇಟಿನ ಹತ್ತಿರದ ಮರಕ್ಕೆ ಕುತ್ತಿಗೇವರೆಗೂ ಕಾಂಕ್ರೀಟು ಹಾಕಿಸಿದವನು ನೀನೇ ತಾನೆ?

ಸಿಮೆಂಟಪ್ಪ: ಅದು ಎಲೆ ಉದುರಿಸ್ತಿತ್ತು. ಗುಡಿಸೋರು ಯಾರು? ಇರ್ಲಿ, ಈ ಗಬ್ಬು ವಾಸನೆ ನೋಡಿ ಮೊದಲು. ನಿಮ್ಮ ತೋಟದ್ದೇ.

ಅತ್ತಿಗೆ ಮೂಗೆತ್ತಿ ಗಾಳಿ ಎಳೆದಳು. ವಾಸನೆ ಜೊಂಡಿನ ಕಡೆಯಿಂದ ಬರುತ್ತಿರಲಿಲ್ಲ. ಬಳಸದೆ ಬಿಟ್ಟ ಹಳೇ ತೊಟ್ಟಿಯತ್ತ ಹೋಗಿ ಬಗ್ಗಿ ನೋಡಿದಳು. ಅದು ಬಣ್ಣದ ಕೊಳೆನೀರಿನಿಂದ ಕಂಠಮಟ್ಟ ತುಂಬಿತ್ತು. ತಿರುಗಿ ಬರುವಾಗ ಕಾಲಿಗೆ ರಬ್ಬರ್ ಪೈಪೊಂದು ತೊಡರಿತು. ಅದರ ಒಂದು ತುದಿ ಕುಡಿಯುವ ನೀರಿನ ನಲ್ಲಿಯಲ್ಲಿ, ಇನ್ನೊಂದು ಜೊಂಡಿನ ಬುಡದಲ್ಲಿ.

ಅತ್ತಿಗೆ: ಇದೇನಿದು?

ಸಿಮೆಂಟಪ್ಪ: ಪೈಪು.

ಅತ್ತಿಗೆ: ಹಾವು ಅಂತ ನಾನು ಹೇಳಲಿಲ್ಲ. ಕೊಳೆನೀರಿನ ವಾಲ್ವು ಹಳೇ ತೊಟ್ಟಿಗೆ ತಿರುಗಿಸಿದ್ದು ಯಾರು? ಒಳ್ಳೇ ನೀರು ಬಿಟ್ಟು ಬೇರು ಮುಳುಗಿಸಿ ಕೊಲ್ಲೋಣ ಅಂತಾನಾ?

ಸಿಮೆಂಟಪ್ಪ ಟೋಪಿ ತೆಗೆದು ತಲೆ ಕೆರೆದ, ಮತ್ತೆ ಹಾಕಿಕೊಂಡ.

ಸಿಮೆಂಟಪ್ಪ: ನೀವು ಹೋದ ಮೇಲೆ ಒಂದಿನ ಇಲ್ಲಿ ನಿಂತು ನೋಡ್ದೆ ಅತ್ತಿಗೆ. ಸೋಪಿನ ನೊರೆ, ಬಣ್ಣದ ನೀರು, ಅಡುಗೆಮನೆ ಮುಸುರೆ, ಎಲ್ಲಾ ಬಂದು ಇವುಗಳ ಮೇಲೆ ಬೀಳ್ತಿತ್ತು. ಬಾಯಿಲ್ಲದವು, ಬೇಡ ಅನ್ನಕ್ಕೂ ಬರಲ್ಲ. ಅಯ್ಯೋ ಪಾಪ ಅನ್ನಿಸ್ತು. ಅದಕ್ಕೇ...

ಅತ್ತಿಗೆ: ಅದಕ್ಕೇ?

ಸಿಮೆಂಟಪ್ಪ: ಕುಡಿಯೋ ನೀರು ಕೊಟ್ಟೆ. ಫಿಲ್ಟರಿಂದು.

ಅತ್ತಿಗೆ ಬಗ್ಗಿ ಪೈಪನ್ನು ಜೊಂಡಿನ ಬುಡದಿಂದ ಎಳೆದು ಹಾಕಿದಳು.

ಅತ್ತಿಗೆ: ಅಯ್ಯೋ ಪೆದ್ದೇ! ಆ ಕೊಳಕೇ ಅವುಗಳ ಊಟ. ನೀನು ಕರುಣೆ ತೋರಿಸ್ತೀನಂತ ಉಪವಾಸ ಕೆಡವಿದ್ದೀಯ.

ಸಿಮೆಂಟಪ್ಪ: ಊಟಾನಾ? ಮೊದಲೇ ಹೇಳೋಕೇನಾಗಿತ್ತು?

ಅತ್ತಿಗೆ: ನಾನು ವಿವರಿಸಿದಾಗೆಲ್ಲ ನೀನು ಲಾರಿ ನಿಲ್ಲಿಸೋಕೆ ಜಾಗ ಅಳೀತಿದ್ದೆ.

ಅವಳು ವಾಲ್ವಿನತ್ತ ಹೊರಟಳು. ಅವನು ಅವಳಿಗಿಂತ ಮೊದಲು ಓಡಿ ತಿರುಗಿಸಿದ. ಕೊಳೆನೀರು ಗೊಳಗೊಳ ಎನ್ನುತ್ತ ಜಲ್ಲಿಕಲ್ಲಿನೊಳಗೆ ಇಳಿಯಿತು.

ಸಿಮೆಂಟಪ್ಪ: ಹಸಿದಿವೆ ಪಾಪ. ಇನ್ನೂ ಸ್ವಲ್ಪ ಜೋರಾಗಿ ಬಿಡ್ಲಾ?

ಅತ್ತಿಗೆ: ಬೇಡ. ಉಪವಾಸ ಬಿದ್ದವರಿಗೆ ಒಂದೇ ಸಲ ಬಡಿಸಬಾರದು.

ಅಷ್ಟರಲ್ಲಿ ಯಜಮಾನರ ಕಾರು ಬಂತು. ಅವರು ಇಳಿದವರೇ ಹುಬ್ಬು ಗಂಟಿಕ್ಕಿದರು.

ಯಜಮಾನರು: ಇದೇನಮ್ಮಾ, ಎಲ್ಲಾ ಒಣಗಿ ನಿಂತಿದೆ? ಸಿಮೆಂಟಪ್ಪ, ನಿನ್ನ ಮಾತೇ ಸರಿಯಾಯ್ತು. ನಾಳೆಯಿಂದ ಕಾಂಕ್ರೀಟು ಶುರು ಮಾಡು.

ಅತ್ತಿಗೆ ಬಾಯಿ ತೆರೆದಳು. ಮೈದುನನ ಪೆದ್ದತನ ಹೇಳದೆ ಜೊಂಡನ್ನು ಉಳಿಸುವ ದಾರಿ ಅವಳಿಗೆ ಕಾಣಲಿಲ್ಲ. ಬೇರೆಯವನಾಗಿದ್ದರೆ ಹೇಳಿಬಿಡುತ್ತಿದ್ದಳು.

ಸಿಮೆಂಟಪ್ಪ: ಆಗಲ್ಲ ಸಾರ್. ತಪ್ಪು ನಂದು. ಊಟ ನಿಲ್ಲಿಸಿಬಿಟ್ಟಿದ್ದೆ.

ಯಜಮಾನರು: ಯಾರ ಊಟ? ಲಾರಿಗೆ ಜಾಗ ಬೇಕು ಅಂತ ನನ್ನ ತಲೆ ತಿಂದವನು ನೀನೇ ಅಲ್ವೇನಯ್ಯಾ?

ಸಿಮೆಂಟಪ್ಪ: ಲಾರಿಗೇನು ಸಾರ್, ಹೊರಗಡೆ ನಿಂತ್ರೂ ಬಾಡೋದಿಲ್ಲ.

ಯಜಮಾನರು ಇಬ್ಬರ ಮುಖವನ್ನೂ ನೋಡಿದರು. "ಮನೆಯವರೆಲ್ಲ ಒಂದಾಗಿಬಿಟ್ಟಿದ್ದೀರಿ" ಎಂದು ಗೊಣಗಿ, ಹಸಿರು ಮರಳುತ್ತದೋ ಇಲ್ಲವೋ ಮುಂದಿನ ಸಲ ಬಂದು ನೋಡುವುದಾಗಿ ಹೇಳಿ ಕಾರು ಹತ್ತಿದರು.

ಅತ್ತಿಗೆ: ಎಲ್ಲಾ ಸರಿ, ಆ ಮರದ ಕುತ್ತಿಗೆ ಯಾವಾಗ ಬಿಡಿಸ್ತೀಯ?

ಸಿಮೆಂಟಪ್ಪ: ಒಂದು ದಿನಕ್ಕೆ ಒಂದು ಬೈಗುಳ ಸಾಕು ಅತ್ತಿಗೆ.

ಸಂಜೆ ಅತ್ತಿಗೆ ಕಚೇರಿಯ ಕಿಟಕಿಯಿಂದ ಹೊರಗೆ ನೋಡಿದಳು. ಸಿಮೆಂಟಪ್ಪ ಟೀ ಕುಡಿದು, ಲೋಟಕ್ಕೆ ನೀರು ಹಾಕಿ ಕುಲುಕಿ, ಆ ನೀರನ್ನು ಎಂದಿನಂತೆ ಅಂಗಳಕ್ಕೆ ಎರಚಲು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಯಾರಾದರೂ ನೋಡುತ್ತಿದ್ದಾರೇನೋ ಎಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಣ್ಣು ಹಾಯಿಸಿದ. ಆಮೇಲೆ ಎಲ್ಲಕ್ಕಿಂತ ಹಳದಿಯಾಗಿದ್ದ ಜೊಂಡಿನ ಬಳಿ ಕುಕ್ಕರುಗಾಲಿನಲ್ಲಿ ಕೂತು, ಲೋಟವನ್ನು ಅದರ ಬುಡಕ್ಕೆ ಬಗ್ಗಿಸಿದ.

"ತಗೋ," ಎಂದ, "ತಳದಲ್ಲಿ ಸಕ್ಕರೆ ಉಳಿಸಿದ್ದೀನಿ."