ಮಾತು ಬಿಟ್ಟವರ ರೊಟೇಶನ್

ವಾಲಿಬಾಲ್ ಕೋಚ್‌ಗೆ ಎಂಥ ಕೆಲಸ, ಸೀಟಿ ಊದಿದರಾಯ್ತು ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದರು. ಅವರೇ ಊದಿ ನೋಡಲಿ! ಎರಡು ಸಾವಿರದ ಇಸವಿ ಕಳೆದು ನಾಲ್ಕಾರು ವರ್ಷದ ಮಾತು. ಅಂಕೋಲೆಯಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಸಂಜೆ ಶೆಟಗೇರಿಯ ಗದ್ದೆ ಬಯಲಲ್ಲಿ ಊರ ತಂಡಕ್ಕೆ ಆಟ ಕಲಿಸುತ್ತಿದ್ದೆ. ಆರು ಜನರನ್ನು ನಿಲ್ಲಿಸೋದು ಸುಲಭ. ತಿರುಗಿಸೋದಿದೆಯಲ್ಲ, ಅಲ್ಲೇ ದಿನಕ್ಕೊಂದು ಫಜೀತಿ.

೧. ಸುತ್ತು

ಎದುರಿನವರಿಂದ ಸರ್ವಿಸ್ ಕಿತ್ತುಕೊಂಡಾಗಲೆಲ್ಲ ಆರೂ ಜನ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಒಂದೊಂದು ಜಾಗ ಸರಿಯಬೇಕು. ನಮ್ಮವರಿಗೆ ಇದು ತಲೆಗೇ ಹೋಗಲಿಲ್ಲ. ಊರಾಟದಲ್ಲಿ ನಿಂತವನಿಗೆ ನಿಂತಲ್ಲೇ ಹಕ್ಕು! ಒಂದು ವಾರ ಕಿರುಚಿ ಗಂಟಲು ಕಟ್ಟಿತು. ಕೊನೆಗೆ, "ದೇವಸ್ಥಾನದಲ್ಲಿ ಹೆಂಗೆ ಸುತ್ತು ಬರ್ತೀರಿ? ಹಂಗೇ. ಪ್ರದಕ್ಷಿಣೆ ಅಂದ್ಕೊಳ್ಳಿ" ಅಂದೆ. ಆಹಾ, ಎಷ್ಟು ಚಂದ ತಿರುಗಿದರು! ನನ್ನ ಬುದ್ಧಿಗೆ ನಾನೇ ಬೀಗಿದೆ.

ಮರುದಿನ ಹೋಗಿ ನೋಡಿದರೆ, ಕಾರವಾರದಿಂದ ತರಿಸಿಕೊಟ್ಟ ಹೊಸ ಬೂಟುಗಳೆಲ್ಲ ಗೆರೆಯ ಹೊರಗೆ ಸಾಲಾಗಿ ಕೂತಿವೆ. ಆರೂ ಜನ ಬರಿಗಾಲಲ್ಲಿ.

"ಬೂಟು ಯಾಕ್ರೋ ಬಿಚ್ಚಿದ್ದು?"

"ಪ್ರದಕ್ಷಿಣೆ ಅಂದ್ರಲ್ಲ ಮಾಸ್ತರ್ರೇ. ಬೂಟ್ ಹಾಕಂಡು ಹೆಂಗ್ ಸುತ್ತೂದು?"

೨. ಬಂಗಡೆ

ತಂಡದಲ್ಲಿ ಒಂದು ಅಣ್ಣ-ತಮ್ಮಂದಿರ ಜೋಡಿ. ಅಣ್ಣ ಬಾಲ್ ಎತ್ತಿಕೊಡುವ ಲಿಫ್ಟರ್, ತಮ್ಮ ಹೊಡೆಯುವ ಸ್ಮ್ಯಾಶರ್. ಚಿನ್ನದಂಥ ಆಟ. ಆದರೆ ಮನೆ ಹಿಸ್ಸೆಯಾದಾಗ ಗಡಿಯ ಮೇಲಿನ ಇಶಾಡ ಮಾವಿನ ಮರ ಯಾರದು ಅಂತ ಜಗಳವಾಗಿ, ಎರಡು ವರ್ಷದಿಂದ ಮಾತಿಲ್ಲ, ಕತೆಯಿಲ್ಲ. ಪಕ್ಕಪಕ್ಕ ನಿಲ್ಲಿಸಿದರೆ ಆಡೋದೇ ಇಲ್ಲ ಅಂತ ಇಬ್ಬರಿಗೂ ಹಟ.

ಅವರ ತಾಯಿ ಸಂತೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. "ಮಾಸ್ತರ್ರೇ, ನೀವ್ ಹೇಳಿದ್ದು ಕೇಳ್ತಾರೆ ಅವ್ರು. ಒಂದೇ ಒಂದ್ ಮಾತ್ ಆಡ್ಸಿ. ಗೆಲ್ಲೂದು ಬಿಡೂದು ನಂಗೆ ಬೇಡ." ಪಾಪ, ಕಣ್ಣಲ್ಲಿ ನೀರಿತ್ತು. ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ ನನಗೆ ಗೆಲ್ಲೋದೇ ಬೇಕಿತ್ತು.

ಕಾರವಾರದ ಪಂದ್ಯಕ್ಕೆ ಯಾರು ಎಲ್ಲಿ ಅಂತ ಚೀಟಿ ಬರೆಯಬೇಕು. ತಲೆ ಓಡದೆ ಅಡುಗೆಮನೆಗೆ ಹೋದರೆ, ಹೆಂಡತಿ ತೊಳೆದಿಟ್ಟ ಆರು ಬಂಗಡೆ ಮೀನು ಕಂಡವು. ತಟ್ಟೆಯಲ್ಲಿ ಮುಂದೆ ಮೂರು, ಹಿಂದೆ ಮೂರು ಜೋಡಿಸಿದೆ. ಅಣ್ಣ ಮುಂದಿನ ಬಲಮೂಲೆ, ತಮ್ಮ ಹಿಂದಿನ ಎಡಮೂಲೆ. ಒಂದು ಸಲ ಸರಿಸಿದೆ, ಆಗಲೂ ಮೂಲೆಗೊಬ್ಬ. ಭಲೇ! ಅಷ್ಟರಲ್ಲಿ ಹೆಂಡತಿ ತಟ್ಟೆ ಎಳೆದುಕೊಂಡಳು.

"ಅಯ್ಯೋ ಮಾರಾಯ್ತಿ, ಅಣ್ಣ-ತಮ್ಮನ್ನ ಈಗಷ್ಟೇ ದೂರ ಮಾಡಿದ್ದೆ!"

"ಎಷ್ಟು ದೂರ ಮಾಡಿದ್ರೂ ಅಷ್ಟೇರಿ. ಕಡೆಗೆ ಒಂದೇ ಪಾತ್ರೆಗೆ ಬೀಳೂದು."

೩. ನಡುವಿನವ

ಬಂಗಡೆಯನ್ನು ಇನ್ನೊಂದು ಸಲ ಸರಿಸಿದ್ದರೆ ಗೊತ್ತಾಗುತ್ತಿತ್ತು, ಕರ್ಮ! ಕಾರವಾರದ ಅಂಗಳದಲ್ಲಿ ಎರಡನೇ ಸಲ ಸರಿದರು ನೋಡಿ, ತಮ್ಮ ಮುಂದಿನ ಸಾಲಿನ ನಡುವೆ, ಅಣ್ಣ ಸರಿಯಾಗಿ ಅವನ ಬೆನ್ನಿಗೇ. ಬಾಲ್ ಇಬ್ಬರ ನಡುವೆ ಎತ್ತರದಿಂದ ಇಳಿಯುತ್ತಿತ್ತು.

ತಮ್ಮ ತನ್ನ ಪಕ್ಕದವನಿಗೆ, "ಬಾಲ್ ನಂದು ಅಂತ ಅಂವಗೆ ಹೇಳು" ಅಂದ.

ಪಕ್ಕದವ ಹಿಂದೆ ತಿರುಗಿ, "ಬಾಲ್ ಇವಂದಂತೆ" ಅಂದ.

ಅಣ್ಣ, "ಹಂಗಾರೆ ಬೇಗ ತಕಣೂಕೆ ಹೇಳು" ಅಂದ.

ಅಷ್ಟರಲ್ಲಿ ಬಾಲ್ ಬಿದ್ದು, ಉರುಳಿ, ಗೆರೆ ದಾಟಿ ತಣ್ಣಗೆ ಕೂತಿತ್ತು. ಅಂಪೈರ್ ನನ್ನ ಕಡೆ ಬಗ್ಗಿ ಕೇಳಿದರು: "ಇವರು ಆಡೂಕೆ ಬಂದಿದ್ದೋ, ಸಂಬಂಧ ಕುದುರಿಸೂಕೆ ಬಂದಿದ್ದೋ?"

೪. ಕೊನೇ ಪಾಯಿಂಟ್

ಹಾಗೂ ಹೀಗೂ ಕೊನೇ ಸೆಟ್‌ಗೆ ಬಂದೆವು. ಎದುರಿಗೆ ಬಿಣಗಾ ಕಡೆಯವರು. ಅವರಿಗೆ ಇನ್ನೊಂದೇ ಪಾಯಿಂಟ್ ಸಾಕು. ನಮಗೆ ಸರ್ವಿಸ್ ಸಿಕ್ಕಿತು, ಎಲ್ಲರೂ ಒಂದು ಜಾಗ ಸರಿದರು. ಮತ್ತೆ ಅದೇ! ತಮ್ಮ ಮುಂದೆ, ಅಣ್ಣ ಹಿಂದೆ. ಬದಲಿ ಇಳಿಸೋಣವೆಂದರೆ ಏಳನೆಯವನೇ ಇಲ್ಲ. ನೋಡಲು ಬಂದ ಅವರ ತಾಯಿ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ನಿಂತಿದ್ದರು.

ನಮ್ಮ ಸರ್ವಿಸನ್ನು ಎದುರಿನವರು ತಿರುಗಿ ಹೊಡೆದರು, ಬಾಲ್ ಮೇಲೆದ್ದು ಇಬ್ಬರ ನಡುವೆಯೇ ಇಳಿಯತೊಡಗಿತು. ಪಕ್ಕದವ ಇಬ್ಬರ ಮುಖ ನೋಡುತ್ತಿದ್ದ. ಅಣ್ಣನಿಗೆ ತಡೆಯಲಾಗಲಿಲ್ಲ. "ಬಿಡೋ ತಮಾ, ನಂದು!" ಅಂತ ಕೂಗಿಯೇಬಿಟ್ಟ.

ತಮ್ಮ ಬಾಲ್ ಮರೆತ, ಪೂರ್ತಿ ಹಿಂದೆ ತಿರುಗಿದ. "ಏನಂದೆ ಅಣ್ಣಾ?"

ಅಣ್ಣಾ ಅನ್ನಿಸಿಕೊಂಡವನು ಎತ್ತಿದ ಕೈ ಎತ್ತಿದಂತೆಯೇ ನಿಂತ. ಬಾಲ್ ತಮ್ಮನ ಭುಜದ ಮೇಲೆ ಧಪ್ಪಂತ ಬಿದ್ದು ನೆಲಕ್ಕೆ ಹೋಯಿತು.

ನಾನು ತಲೆ ಮೇಲೆ ಕೈಹೊತ್ತು ಕೂತರೆ ತಾಯಿ ಓಡಿ ಬಂದರು. "ಗೆದ್ವಿ ಮಾಸ್ತರ್ರೇ, ಗೆದ್ವಿ!"

"ಸೋತ್ವಿ ಅಮ್ಮಾ."

"ಅದು ನಿಮ್ದು. ನಂದು ಗೆಲ್ತು."

ವಾಪಸು ಬಸ್ಸಿನಲ್ಲಿ ಅಣ್ಣ-ತಮ್ಮ ಒಂದೇ ಸೀಟಿನಲ್ಲಿ ಕೂತು, ಬಾಲ್ ನಿಂದಾಗಿತ್ತು, ಅಲ್ಲ ನಿಂದೇ ಆಗಿತ್ತು ಅಂತ ಬಸ್ಸೇ ಹಾರಿ ಹೋಗುವಂತೆ ಕೂಗಾಡಿದರು. ಕಂಡಕ್ಟರ್ ಬಿಡಿಸಲು ಬಂದ. ಮುಂದಿನ ಸೀಟಿನಿಂದ ತಾಯಿ ಎದ್ದು ಅವನ ತೋಳು ಹಿಡಿದರು.

"ನೀ ಟಿಕೆಟ್ ಹರಿ ಮಾರಾಯಾ. ಇವ್ರ ದನಿ ಒಟ್ಟಿಗೆ ಕೇಳ್ದೆ ಎರಡ್ ವರ್ಷ ಆಯ್ತು. ಅಂಕೋಲಾ ಬರೂವರೆಗೆ ಯಾರೂ ಬಾಯ್ ಹಾಕ್ಬೇಡಿ."