ಬಿಲ್ಲಿನಲ್ಲಿ ಬಂದದ್ದೆಲ್ಲ ನಮ್ಮದು

ನನ್ನ ಸೋದರತ್ತೆಯ ಮನೆಯಲ್ಲಿ ಇಡ್ಲಿಗೆ ಚಟ್ನಿ ಬಡಿಸುತ್ತಿದ್ದದ್ದು ಆಸ್ಪತ್ರೆಯ ಕಿಡ್ನಿ ಟ್ರೇಯಲ್ಲಿ. ನೀವು ಮುಖ ಸಿಂಡರಿಸಿದ್ದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಮೊದಲ ಸಲ ನಾನೂ ಸಿಂಡರಿಸಿದ್ದೆ. ಆದರೆ ಅದು ಹೊಚ್ಚ ಹೊಸದು, ಯಾವ ರೋಗಿಯೂ ಮುಟ್ಟದ್ದು. ಅದರ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದ್ದೇ ಅತ್ತೆಯ ಅಡುಗೆಮನೆಯಲ್ಲಿ. ಬಾಗಿದ ಆ ಸ್ಟೀಲಿನ ತಟ್ಟೆ ಇಡ್ಲಿಯ ಪಕ್ಕಕ್ಕೆ ಎಷ್ಟು ಚೆನ್ನಾಗಿ ಒತ್ತಿ ಕೂರುತ್ತಿತ್ತೆಂದರೆ, ಅದನ್ನು ಕಂಡುಹಿಡಿದವನು ಉಡುಪಿಯವನೇ ಇರಬೇಕು ಎಂದು ಮಾವ ಹೇಳುತ್ತಿದ್ದರು.

ಮಾವನಿಗೆ ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಪಾಲುದಾರಿಕೆಯಲ್ಲಿ ಒಂದು ಹೋಟೆಲು. ಮನೆ ಡೊಂಬಿವಲಿಯಲ್ಲಿ. ನಾವು ಕಲ್ಯಾಣದವರು, ಭಾನುವಾರ ಬಂತೆಂದರೆ ಅಪ್ಪ, ಅಮ್ಮ, ನಾನು ಲೋಕಲ್ ಟ್ರೇನು ಹಿಡಿದು ಅತ್ತೆಯ ಮನೆಗೆ. ಆ ಭಾನುವಾರಗಳ ಒಗ್ಗರಣೆಯ ವಾಸನೆ ಈಗಲೂ ಬೇಲಾಪುರದ ನನ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚುವಾಗ ಒಮ್ಮೊಮ್ಮೆ ಮೂಗಿಗೆ ಬರುತ್ತದೆ.

ಟ್ರೇಯ ಕತೆ ಶುರುವಾದದ್ದು ಮಾವನ ಹರ್ನಿಯಾದಿಂದ. ಕಲ್ಯಾಣದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಸುಸೂತ್ರವಾಗಿ ಮುಗಿದು, ಮನೆಗೆ ಹೊರಡುವ ಬೆಳಿಗ್ಗೆ ಬಿಲ್ಲು ಬಂತು. ನಾವೆಲ್ಲ ಬಿಲ್ಲಿನ ಕೊನೆಯ ಸಾಲನ್ನಷ್ಟೇ ನೋಡಿ ಎದೆ ಹಿಡಿದುಕೊಳ್ಳುವ ಜನ. ಅತ್ತೆ ಮಾತ್ರ ಕನ್ನಡಕ ಒರೆಸಿಕೊಂಡು ಮೊದಲ ಸಾಲಿನಿಂದ ಓದಿದರು. ಓದಿ ಮುಗಿಸಿ, ಚೀಲ ತೆಗೆದು ಕೋಣೆಯಲ್ಲಿದ್ದ ಸಾಮಾನನ್ನೆಲ್ಲ ತುಂಬತೊಡಗಿದರು. ಹತ್ತಿಯ ಸುರುಳಿ, ಅರ್ಧ ಮುಗಿದ ಕೈಗವಸಿನ ಪೆಟ್ಟಿಗೆ, ಥರ್ಮಾಮೀಟರು, ಮಗ್ಗು, ಬ್ಯಾಂಡೇಜು, ಅಂಟುಪಟ್ಟಿ, ಟ್ರೇ.

“ಮಾವಶಿ, ಹೇ ಇಥೇಚ್ ಠೇವಾಯಚಂ ಅಸತಂ,” ಎಂದಳು ನರ್ಸು. ಇದನ್ನೆಲ್ಲ ಇಲ್ಲೇ ಬಿಟ್ಟು ಹೋಗುವುದು ಪದ್ಧತಿ ಎಂದು.

“ಬಿಲಾತ್ ಆಹೇ ನಾ? ಮಗ್ ಆಮಚಂ,” ಎಂದರು ಅತ್ತೆ. ಬಿಲ್ಲಿನಲ್ಲಿದೆಯಲ್ಲ, ಹಾಗಾದರೆ ನಮ್ಮದು.

ಅತ್ತೆಯ ಮಗ ಆಗ ಕಾಲೇಜಿನಲ್ಲಿದ್ದ. ಇಲ್ಲೇ ಹುಟ್ಟಿದವನು, ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರಿಸುವವನು. “ಮಮ್ಮಿ, ಛೋಡೋ ನಾ, ಸಬ್ ದೇಖ್ ರಹೇ ಹೈ,” ಎಂದು ಗೋಡೆಯ ಕಡೆ ತಿರುಗಿ ನಿಂತ.

“ನೋಡ್ಲಿ. ನೋಡ್ಲಿಕ್ಕೆ ಚಾರ್ಜ್ ಇಲ್ಲ.”

ರಿಕ್ಷಾದಲ್ಲಿ ಮಾವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಹೇಳಿದರು, “ಹರ್ನಿಯಾವನ್ನೂ ಕೇಳಿ ತರಬಹುದಿತ್ತು. ಅದೂ ನಮ್ಮದೇ ಅಲ್ವಾ.” ನಾವು ನಕ್ಕೆವು. ಮಾವನೂ ನಗಲು ಹೊರಟಾಗ ಅತ್ತೆ ತಡೆದರು. “ನಗಬೇಡಿ ಮಾರಾಯ್ರೆ. ಹೊಲಿಗೆ ಬಿಚ್ಚಿದ್ರೆ ಮತ್ತೆ ಹಾಕ್ಲಿಕ್ಕೆ ಬೇರೆ ಚಾರ್ಜು.”

ಆಮೇಲೆ ಅತ್ತೆ ಕೈಗವಸು ತೊಟ್ಟುಕೊಂಡು ಕೆಸುವಿನೆಲೆ ಹೆಚ್ಚಿದರು. ಬ್ಯಾಂಡೇಜು ಉಪ್ಪಿನಕಾಯಿ ಜಾಡಿಯ ಬಾಯಿಗೆ ಹೋಯಿತು; ಅಂಟುಪಟ್ಟಿ ಕೊಡೆಯ ತೂತಿಗೆ. ಕೀರ್ತಿ ಹಬ್ಬಲು ಹೆಚ್ಚು ಕಾಲ ಬೇಕಾಗಲಿಲ್ಲ. ಥಾಣೆಯಿಂದ ಕಲ್ಯಾಣದವರೆಗೆ ನಮ್ಮ ಕಡೆಯ ಯಾರೇ ಆಸ್ಪತ್ರೆ ಸೇರಲಿ, ದೇವರಿಗೆ ಹರಕೆ ಹೊರುವ ಮೊದಲು ಅತ್ತೆಗೆ ಫೋನು ಮಾಡುತ್ತಿದ್ದರು.

ಒಮ್ಮೆ ಅಪ್ಪನಿಗೆ ತಲೆಸುತ್ತು ಬಂತು. ಗಾಜಿನ ಗೋಡೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ಎಳೆಯ ಡಾಕ್ಟರು ಸಾಲಾಗಿ ಪರೀಕ್ಷೆಗಳನ್ನು ಬರೆಯತೊಡಗಿದರು. ಅವರ ಪೆನ್ನು ಕಾಗದದ ಹಿಂಬದಿಗೆ ತಿರುಗಿದಾಗ ಅತ್ತೆ, ರಿಪೋರ್ಟು ಚೆನ್ನಾಗಿ ಬಂದರೆ ಯಾವ ಔಷಧಿ ಎಂದು ತಮ್ಮದೇ ಹಿಂದಿಯಲ್ಲಿ ಕೇಳಿದರು.

“ರಿಪೋರ್ಟ್ ಅಚ್ಛಾ ಆಯಾ ತೋ ಕ್ಯಾ ದವಾ ದೇಗಾ?”

ಡಾಕ್ಟರು ಮಾತ್ರೆಯ ಹೆಸರು ಹೇಳಿದರು.

“ಖರಾಬ್ ಆಯಾ ತೋ?”

ಡಾಕ್ಟರು ಸ್ವಲ್ಪ ಯೋಚಿಸಿ, ಸದ್ಯಕ್ಕೆ ಅದೇ ಮಾತ್ರೆ ಎಂದರು.

“ತೋ ದವಾ ದೇ ದೋ. ರಿಪೋರ್ಟ್ ಬಾದ್ ಮೇ ದೇಖೇಂಗೆ.” ಔಷಧಿ ಈಗ, ರಿಪೋರ್ಟು ಆಮೇಲೆ.

ಪುಣ್ಯಾತ್ಮ ಒಳ್ಳೆಯವನು, ನಕ್ಕುಬಿಟ್ಟ. ಒಂದು ಪರೀಕ್ಷೆ ಮಾತ್ರ ಬೇಕೇ ಬೇಕು ಎಂದು ಅದರ ಕೆಳಗೆ ಗೆರೆ ಎಳೆದು ಕೊಟ್ಟ. ಅದು ಮುಂಬ್ರಾದಲ್ಲಿ ಅಗ್ಗ ಎಂದು ಲೋಕಲಿನ ಲೇಡೀಸ್ ಡಬ್ಬಿಯ ಗೆಳತಿಯರಿಂದ ಅತ್ತೆಗೆ ಮೊದಲೇ ತಿಳಿದಿತ್ತು. ಶ್ರೀಮಂತರು ಚಿಕಿತ್ಸೆಗೆ ವಿಮಾನ ಹತ್ತಿ ಪರದೇಶಕ್ಕೆ ಹೋಗುತ್ತಾರಂತೆ. ನಾವು ಸ್ಲೋ ಲೋಕಲ್ ಹತ್ತಿ ಮುಂಬ್ರಾಕ್ಕೆ ಹೋದೆವು. ದಾರಿಯಲ್ಲಿ ಅಪ್ಪನಿಗೆ ಮತ್ತೆ ತಲೆ ತಿರುಗಿತು. ಆದರೆ ಆ ರಶ್ಶಿನಲ್ಲಿ ಬೀಳಲು ಜಾಗವೇ ಇರಲಿಲ್ಲ, ಹಾಗಾಗಿ ನಿಂತೇ ಇದ್ದರು.

ಇದನ್ನೆಲ್ಲ ನಾವು ಜಿಪುಣತನವೆಂದೇ ನಗುತ್ತಿದ್ದೆವು. ಒಂದು ಭಾನುವಾರ ಮಾವ ಪೇಪರು ಓದುತ್ತ, “ನೋಡು, ಔಷಧಕ್ಕೆ ಸರಕಾರ ಹಾಕುವುದು ಸಾಲದಂತೆ. ಜನ ತಮ್ಮ ಕೈಯಿಂದಲೇ ಹಾಕ್ತಿದ್ದಾರಂತೆ,” ಎಂದರು.

“ಅದನ್ನು ಪೇಪರಿನವರು ಹೇಳ್ಬೇಕಾ?” ಎಂದು ಅತ್ತೆ ಕಾವಲಿಯ ಮೇಲಿನ ದೋಸೆ ಮಗುಚಿ, ಎರಡೂ ಕೈಗಳನ್ನು ಮಾವನ ಮುಂದೆ ಚಾಚಿದರು. ಕೈಯಲ್ಲಿ ಹಸಿರು ಗಾಜಿನ ಬಳೆಗಳಷ್ಟೇ ಇದ್ದವು. ಚಿನ್ನದವು ಮಾವನ ತಾಯಿಯ ಡಯಾಲಿಸಿಸ್‌ಗೆ ಒಂದೊಂದಾಗಿ ಹೋಗಿದ್ದವೆಂದು ಅಮ್ಮ ನನಗೆ ಹೇಳಿದ್ದು ಅವತ್ತು ವಾಪಸು ಬರುವ ಟ್ರೇನಿನಲ್ಲಿ.

ಹೋದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ ಮಾವ ಹೋಟೆಲಿನ ಗಲ್ಲಾದ ಮೇಲೆಯೇ ತಲೆಯಿಟ್ಟು ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಥಾಣೆಯ ಆಸ್ಪತ್ರೆಯ ಐಸಿಯು, ಉಸಿರಿಗೆ ಯಂತ್ರ. ಇನ್ಶೂರೆನ್ಸಿನ ಹಣ ಒಂದು ವಾರ ಕೂಡ ಬಾಳಲಿಲ್ಲ. ಮಗ ಮಾವನ ಪಾಲನ್ನು ಪಾಲುದಾರರಿಗೇ ಬಿಟ್ಟುಕೊಟ್ಟು ಹಣ ತಂದ. ಮಾವ ಅಷ್ಟು ವರ್ಷ ನಿಂತು ಕಟ್ಟಿದ ಹೋಟೆಲು ಅವರಿಗೆ ತಿಳಿಯದೆಯೇ ಕೈಬಿಟ್ಟು ಹೋಯಿತು.

ಒಂದು ಮಧ್ಯಾಹ್ನ ಡಾಕ್ಟರು ನಮ್ಮನ್ನು ಒಳಗೆ ಕರೆದರು. ಭರವಸೆ ಬಹಳ ಕಡಿಮೆ, ಖರ್ಚು ಮಾತ್ರ ಹೀಗೇ ಏರುತ್ತದೆ, ಮುಂದುವರಿಸುವುದೋ ಬಿಡುವುದೋ ನೀವೇ ಯೋಚಿಸಿ ಎಂದರು. ಮಗ ನನ್ನ ಮುಖ ನೋಡಿದ. ನಾನು ಅತ್ತೆಯ ಮುಖ ನೋಡಿದೆ. ಈಗ ದಿನಕ್ಕೆಷ್ಟು, ಯಾಕಷ್ಟು ಎಂದು ಕೇಳುತ್ತಾರೆಂದುಕೊಂಡೆ.

“ಅವರಿಗೆ ಕೇಳಿಸ್ತದಾ?” ಎಂದರು ಅತ್ತೆ, ಕನ್ನಡದಲ್ಲೇ.

ಅದನ್ನು ನಾನು ಹಿಂದಿಯಲ್ಲಿ ಹೇಳಿದೆ. ಡಾಕ್ಟರು, ಕೇಳಿಸಲೂಬಹುದು, ಖಚಿತವಾಗಿ ಹೇಳಲಾರೆ ಎಂದರು.

“ಹಾಗಾದ್ರೆ ಇನ್ನೊಂದೆರಡು ದಿನ ಇರ್ಲಿ,” ಎಂದರು ಅತ್ತೆ. “ನನಗೆ ಸ್ವಲ್ಪ ಮಾತಾಡ್ಲಿಕ್ಕುಂಟು.”

ಒಳಗೆ ಬಿಟ್ಟಾಗಲೆಲ್ಲ ಅತ್ತೆ ಸ್ಟೂಲು ಎಳೆದು ಕೂತು, ಮಾವನ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದರು, ಅವರಿಬ್ಬರೇ ಇದ್ದಾಗ ಆಡುವ ತುಳುವಿನಲ್ಲೇ ಇರಬೇಕು. ಗಾಜಿನ ಆಚೆಯಿಂದ ನಮಗೆ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಅತ್ತೆ ಪಕ್ಕದಲ್ಲಿ ಕೂತಿದ್ದಾಗಲೇ ಮಾವ ಹೋದರು.

ಮಳೆ ನಿಂತ ಮೇಲೆ ಒಂದು ಭಾನುವಾರ ಹೋಗಿದ್ದೆ. ಅತ್ತೆ ಬಸಳೆ ಸೊಪ್ಪು ಬಿಡಿಸುತ್ತಿದ್ದರು. ನಾನೂ ಒಂದು ಬಳ್ಳಿ ಎಳೆದುಕೊಂಡು ಕೂತು ಕೇಳಿದೆ, “ಅಲ್ಲಿ ಮಾವನ ಹತ್ರ ಅಷ್ಟು ಎಂತ ಮಾತಾಡಿದ್ದು ಅತ್ತೆ?”

“ಎಂತ ಇಲ್ಲ,” ಎಂದರು. ಸ್ವಲ್ಪ ಹೊತ್ತು ಎಲೆ ಬಿಡಿಸಿದರು. “ಹೋಟೆಲಿನವರನ್ನು ಊಟ ಆಯ್ತಾ ಅಂತ ಯಾರು ಕೇಳ್ತಾರೆ, ಹೇಳು. ಅಲ್ಲೇ ಆಗಿರ್ತದೆ ಅಂತ ಇಷ್ಟು ವರ್ಷ ನಾನೂ ಕೇಳಿರ್ಲಿಲ್ಲ. ಅಲ್ಲಿ ಕೇಳಿದೆ, ‘ವಣಸ್ ಆಂಡಾ’ ಅಂತ. ದಿನಾ ಕೇಳಿದೆ.”