ಢಾಲಿನ ಬೆನ್ನು ಹತ್ತಿದ ಸೇವೆ

ನಗೆಪಾಟಲಾಗುವುದಕ್ಕೆಂದು ನಮ್ಮ ಮಹಿಳಾ ಕ್ಲಬ್ಬಿನಲ್ಲಿ ಪ್ರತ್ಯೇಕ ಸಮಿತಿಯೇನೂ ಇಲ್ಲ. ಇರುವ ಸಮಿತಿಗಳೇ ಆ ಕೆಲಸವನ್ನು ಅಚ್ಚುಕಟ್ಟಾಗಿ ನಡೆಸಿಕೊಂಡು ಹೋಗುತ್ತಿವೆ. ಗಿಡ ನೆಡಲು ಹೋದರೂ ಫಜೀತಿ, ಕಂಬಳಿ ಹಂಚಲು ಹೋದರೂ ಫಜೀತಿ. ಮನೆಯಲ್ಲಿ ಸುಮ್ಮನೆ ಕೂತು ಟಿವಿ ನೋಡಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ನಾನು ಈ ಕ್ಲಬ್ಬಿನ ಕಾರ್ಯದರ್ಶಿ. ಫೋಟೋ ತೆಗೆಯುವವಳೂ ನಾನೇ. ಈ ಎರಡನೆಯ ಹುದ್ದೆ ನನಗೆ ಕೈಚಳಕದಿಂದ ಸಿಕ್ಕಿದ್ದಲ್ಲ. ನಮ್ಮ ಯಜಮಾನರು ತೀರಿಕೊಂಡ ಮೇಲೆ, ಅರಿಷಿಣ ಕುಂಕುಮದ ಸಾಲಿನಲ್ಲಿ ಇವಳನ್ನು ನಿಲ್ಲಿಸಿಕೊಳ್ಳುವುದು ಹೇಗೆ ಎಂದು ಗೆಳತಿಯರಿಗೆ ಕಸಿವಿಸಿಯಾಯಿತು. ‘ನೀವು ಫೋಟೋ ಭಾಳ ಚೊಲೋ ತಗೀತೀರಿ ನೋಡ್ರಿ’ ಎಂದು ಕೈಗೆ ಮೊಬೈಲು ಕೊಟ್ಟರು. ಹಿಂದುಗಡೆ ‘ಸ್ತ್ರೀ ಸಮಾನತೆ’ ಎಂಬ ಬ್ಯಾನರು ಕಟ್ಟಿತ್ತು. ಆವತ್ತು ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ. ಆದರೆ ಸಾಲಿನಲ್ಲಿ ನಿಂತವರಿಗೆ ಎದುರಿನ ಮೊಬೈಲೊಂದೇ ಕಾಣುತ್ತದೆ, ಮೊಬೈಲು ಹಿಡಿದವಳಿಗೆ ಎಲ್ಲರೂ ಕಾಣುತ್ತಾರೆ. ಅದೊಂದು ಲಾಭ.

ಈ ವರ್ಷದ ನಮ್ಮ ಅಧ್ಯಕ್ಷೆಗೆ ಬೇಕಾಗಿದ್ದದ್ದು ಒಂದೇ, ಢಾಲು. ನಮ್ಮ ಸೀಮೆಯ ಕ್ಲಬ್ಬುಗಳಲ್ಲಿ ಯಾರು ಹೆಚ್ಚು ಸೇವೆ ಮಾಡುತ್ತಾರೋ ಅವರಿಗೆ ವರ್ಷದ ಕೊನೆಗೆ ಕೊಡುವ ಹಿತ್ತಾಳೆಯ ಢಾಲು ಅದು. ಕಳೆದ ವರ್ಷ ನಿಪ್ಪಾಣಿಯವರಿಗೆ ಸಿಕ್ಕಿತ್ತು. ನಿಪ್ಪಾಣಿಯ ಅಧ್ಯಕ್ಷೆ ಬೇರೆ ಯಾರೂ ಅಲ್ಲ, ನಮ್ಮ ಅಧ್ಯಕ್ಷೆಯ ಸ್ವಂತ ಮೈದುನನ ಹೆಂಡತಿ, ಸಣ್ಣ ನೆಗೆಣ್ಣಿ. ಹಬ್ಬಕ್ಕೆ ಎಲ್ಲರೂ ಕೂಡಿದಾಗ ಅತ್ತೆಯವರು ಬಂದವರಿಗೆಲ್ಲ ಸಣ್ಣ ಸೊಸೆಯ ಢಾಲಿನ ಸುದ್ದಿ ಹೇಳುತ್ತ, ದೊಡ್ಡ ಸೊಸೆಯ ಕೈಯಲ್ಲಿ ಚಹಾ ಕಳಿಸುತ್ತಾರೆ. ಅಧ್ಯಕ್ಷಗಿರಿ ಒಂದೇ ವರ್ಷದ್ದು. ಈ ಸಲ ತಪ್ಪಿದರೆ ಆಯುಷ್ಯವಿಡೀ ಚಹಾ ಒಯ್ಯುವುದೇ ಗತಿ. ಹೀಗಾಗಿ ವಿಷಯ ಸಮಾಜಸೇವೆಯದಾಗಿ ಉಳಿದಿರಲಿಲ್ಲ, ಮನೆತನದ್ದಾಗಿತ್ತು.

ಪರಿಸರ

ಮೊದಲ ಕಾರ್ಯಕ್ರಮ, ರಾಯಬಾಗದ ಕಡೆ ಹೋಗುವ ರಸ್ತೆಯ ಬದಿಗೆ ಗಿಡ ನೆಡುವುದು. ಸೊಪ್ಪು ಪೌಷ್ಟಿಕ, ಬಡವರು ತಿನ್ನಲಿ ಎಂದು ನುಗ್ಗೆಯ ಸಸಿಗಳನ್ನು ತಂದಿದ್ದೆವು. ಎಲ್ಲರೂ ಹಸಿರು ಸೀರೆ ಉಟ್ಟಿದ್ದರು. ಗುಂಡಿ ಮೊದಲೇ ತೋಡಿಸಿ ಇಟ್ಟಿತ್ತು. ಒಂದೊಂದು ಸಸಿಗೆ ನಾಲ್ಕಾರು ಕೈಗಳು ಹತ್ತಿ, ಸಸಿಯೇ ಫೋಟೋದಲ್ಲಿ ಕಾಣಲೊಲ್ಲದು.

ಅಷ್ಟರಲ್ಲಿ ಆಡು ಕಾಯುವ ಮುದುಕನೊಬ್ಬ ಹಿಂಡು ಹೊಡೆದುಕೊಂಡು ಬಂದ. ಕೈಮುಗಿದು, ‘ಬಂದ್ರ್ಯಾ ಅಕ್ಕಾರ? ಮಳಿ ಬಿದ್ದಾಗಿಂದ ನಿಮ್ಮ ದಾರೀನ ನೋಡಾಕತ್ತಿದ್ದೆ’ ಎಂದ.

ಅಧ್ಯಕ್ಷೆಗೆ ಹಿಡಿಸಲಾರದ ಹಿಗ್ಗು. ನನ್ನ ಕಡೆ ತಿರುಗಿ, ‘ನೋಡ್ರಿ, ಹಳ್ಳಿ ಮಂದಿಗೂ ಪರಿಸರದ ಕಾಳಜಿ ಹೆಂಗ ಬಂದೈತಿ! ಇವ್ರದೊಂದ್ ಫೋಟೋ ತಗೀರಿ’ ಎಂದರು.

ಮುದುಕ ಸಸಿಗಳನ್ನೆಲ್ಲ ಬಗ್ಗಿ ನೋಡಿದ. ‘ಇದು ಪಾಡಾತ್ರಿ. ಹ್ವಾದ ವರ್ಷ ಹೊಂಗಿ ತಂದಿದ್ರಿ. ಸಿಟ್ಟಾಗಬ್ಯಾಡ್ರಿ ಮತ್ತ, ನಮ್ಮ ಆಡು ಅದಕ್ಕ ಬಾಯಿ ಹಚ್ಚಲಿಲ್ಲ. ನುಗ್ಗಿ ಅಂದ್ರ ಜೀವಾ ಬಿಡ್ತಾವು.’

‘ಅಯ್ಯ, ಇವು ಆಡಿಗೆ ಅಲ್ಲೋ ಅಜ್ಜಾ!’

‘ಅಲ್ಲೇನ್ರಿ?’ ಮುದುಕನಿಗೆ ನಿಜವಾಗಿಯೂ ಆಶ್ಚರ್ಯ. ‘ವರ್ಷಾ ಹಚ್ಚಿ ಹೋಗ್ತೀರಿ, ಹೊಳ್ಳಿ ನೋಡಾಕ ಬರಂಗಿಲ್ಲ. ನಮ್ಮಂಥಾ ಬಡವ್ರ ಆಡಿಗೆ ಮೇವಿನ ಸ್ಕೀಮ್ ಇರಬೇಕು ಅಂತ ತಿಳದಿದ್ವಿ.’

ಕಾರಿನಲ್ಲಿ ವಾಪಸು ಬರುವಾಗ ಎಲ್ಲರೂ ಸೀರೆಗೆ ಹತ್ತಿದ ಮಣ್ಣು ಒರೆಸಿಕೊಳ್ಳುತ್ತಿದ್ದರು. ಅಧ್ಯಕ್ಷೆ ಮಾತ್ರ ಗಾಢವಾದ ಯೋಚನೆಯಲ್ಲಿದ್ದರು. ಪಾಪ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದುಕೊಂಡೆ. ಊರು ಮುಟ್ಟುವಾಗ ಬಾಯಿ ಬಿಟ್ಟರು: ‘ಹಂಗಾದ್ರ ವರದಿಯೊಳಗ ಎರಡು ಪ್ರಾಜೆಕ್ಟ್ ಬರೀರಿ. ಪರಿಸರ ಒಂದು, ಪಶುಪಾಲನಾ ಒಂದು.’

ಯೋಗ

ನಮ್ಮ ಉಪಾಧ್ಯಕ್ಷೆ ಯೋಗ ಕಲಿತವರು. ಮನಸ್ಸು ಬೆಣ್ಣೆ, ಎಲ್ಲಿ ಏನು ಮಾತಾಡಬೇಕೆಂಬ ಖಬರು ಮಾತ್ರ ಇಲ್ಲ. ‘ದುಡಿಯೂ ಹೆಣ್ಮಕ್ಕಳ ಆರೋಗ್ಯದ ಕಡೆ ಯಾರೂ ಲಕ್ಷ್ಯ ಕೊಡವಲ್ರು’ ಎಂದು ಅವರಿಗೆ ಅನ್ನಿಸಿದ್ದರಿಂದ, ಅಥಣಿ ತಾಲೂಕಿನ ಒಂದು ಹಳ್ಳಿಯಲ್ಲಿ, ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರಿಗೆ ಯೋಗ ಶಿಬಿರ ಇಟ್ಟೆವು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಚಾಪೆ ಹಾಸಿದೆವು.

‘ನಿಮ್ಮ ದೇಹಕ್ಕ ಚಲನ ಬೇಕ್ರಿ, ಚಲನ’ ಎಂದು ಉಪಾಧ್ಯಕ್ಷೆ ಶುರು ಮಾಡಿದರು. ಹೊತ್ತು ಮೂಡುವ ಮೊದಲೇ ಎದ್ದು, ಮನೆಗೆಲಸ ಮುಗಿಸಿ, ಮಧ್ಯಾಹ್ನದತನಕ ಕಳೆ ತೆಗೆದ ಹೆಂಗಸರು ತಲೆದೂಗಿದರು. ಮುಂದಕ್ಕೆ ಬಾಗಿ ಕಾಲು ಮುಟ್ಟಬೇಕೆಂದರೆ, ಎಲ್ಲರೂ ಒಂದೇ ಸಲಕ್ಕೆ ಬಾಗಿದರು. ಅಭ್ಯಾಸಬಲದಿಂದ ಕೆಲವರು ಅಲ್ಲಿದ್ದ ಹುಲ್ಲನ್ನೂ ಕಿತ್ತರು. ಉಪಾಧ್ಯಕ್ಷೆಯ ಕೈ ಮೊಣಕಾಲಿನತನಕ ಹೋಗಿ ನಿಂತಿತು. ಅಲ್ಲಿಂದ ಮೇಲಕ್ಕೂ ಬರಲಿಲ್ಲ. ಇಬ್ಬರು ಹಿಡಿದೆತ್ತಿ ನಿಲ್ಲಿಸಿದರು.

ಇನ್ನು ಶವಾಸನವೇ ಕ್ಷೇಮವೆಂದು ಅವರಿಗೂ ಅನ್ನಿಸಿರಬೇಕು. ‘ಎಲ್ಲಾರೂ ಅಂಗಾತ ಮಲಗ್ರಿ. ಕಣ್ಣು ಮುಚ್ಚ್ರಿ. ಮೈ ಹಗೂರ ಬಿಡ್ರಿ…’

ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಬೇವಿನ ಗಿಡದ ಕೆಳಗೆ ಗೊರಕೆಯ ಸಪ್ಪಳ ಎದ್ದಿತು. ‘ಈಗ ನಿಧಾನಕ್ಕ ಕಣ್ಣು ತೆಗೀರಿ’ ಎಂದು ಉಪಾಧ್ಯಕ್ಷೆ ಇಂಪಾದ ದನಿಯಲ್ಲಿ ಹೇಳಿದರು. ಒಬ್ಬರೂ ತೆಗೆಯಲಿಲ್ಲ. ಮತ್ತೆ ಹೇಳಿದರು, ಆಗಲೂ ಇಲ್ಲ. ಅಧ್ಯಕ್ಷೆ ನನ್ನ ಮೊಳಕೈ ತಿವಿದು, ‘ಎಬ್ಬಿಸಬ್ಯಾಡ್ರಿ, ತಗೀರಿ ಫೋಟೋ, ಏಕಾಗ್ರತಾ ಹೆಂಗ ಕಾಣಾಕತ್ತೈತಿ!’ ಎಂದು ಪಿಸುಗುಟ್ಟಿದರು.

ಆಗ ಹೊಲದ ಮಾಲಕ ಮೋಟಾರ್‌ಸೈಕಲ್ ಮೇಲೆ ಬಂದ. ಕಳೆ ತೆಗೆಯಬೇಕಾದವರೆಲ್ಲ ಸಾಲಾಗಿ ಮಲಗಿದ್ದನ್ನು ನೋಡಿ ಅವನ ಮೀಸೆ ಕುಣಿಯಿತು. ‘ಏನ ನಡಸೀರಿ ಇಲ್ಲೆ? ಏಳ್ರಿ ಮ್ಯಾಲ!’ ಎಂದು ಒದರಿದ.

ಅಂಚಿನ ಚಾಪೆಯ ಮೇಲಿನ ಹಿರಿಯ ಹೆಂಗಸು ಒಂದೇ ಕಣ್ಣು ತೆರೆದು, ‘ಹಗೂರ ಮಾತಾಡ್ರಿ ಮಾಲಕ್ರ. ಯೋಗಾ ಮಾಡಾಕತ್ತೀವಿ’ ಎಂದವಳೇ ಆ ಕಣ್ಣನ್ನೂ ಮುಚ್ಚಿಕೊಂಡಳು.

ಕಂಬಳಿ

ಚಳಿಗಾಲಕ್ಕೆ ಕಂಬಳಿ ಹಂಚಬೇಕು. ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಮಲಗುವ ಒಬ್ಬ ಅಜ್ಜನನ್ನು ಹುಡುಕಿದೆವು. ಅಧ್ಯಕ್ಷೆ ಕರುಣೆಯ ಮುಖ ಮಾಡಿ, ಮಡಿಸಿದ ಕಂಬಳಿಯನ್ನು ಅವನ ಕಡೆ ಚಾಚಿದರು. ಅಜ್ಜ ತೆಗೆದುಕೊಳ್ಳಲಿಲ್ಲ.

‘ಬಾಯಾರ, ಅರ್ಧಾ ಬಿಚ್ಚಿ ಹಿಡೀರಿ’ ಎಂದ. ‘ಮಡಿಚಿ ಹಿಡದ್ರ ಫೋಟೋದಾಗ ಟಾವೆಲ್ ಕಂಡಂಗ ಕಾಣ್ತೈತಿ.’

ಬಿಚ್ಚಿದರು. ಅಜ್ಜ ಸದಸ್ಯೆಯರನ್ನು ಒಂದು ಸಲ ನೋಡಿದ. ‘ಎತ್ತರ ಇದ್ದವ್ರು ಹಿಂದ ಹೋಗ್ರಿ. ಅಕ್ಕಾ, ನೀವು ಎಡಕ್ಕ ಸರೀರಿ, ಬ್ಯಾನರಿನ ಹೆಸರ ಮುಚ್ಚಾಕತ್ತೀರಿ.’ ಆಮೇಲೆ ನನ್ನ ಕಡೆ ತಿರುಗಿ, ‘ನೀವು ಸೂರ್ಯಾಗ ಬೆನ್ನ ಮಾಡಿ ನಿಂದರ್ರಿ. ಇಲ್ಲಾಂದ್ರ ಎಲ್ಲಾರ ಮಾರಿ ಕರ್ರಗ ಬರತಾವು.’ ಎಲ್ಲರೂ ಹೇಳಿದ ಹಾಗೆ ನಿಂತ ಮೇಲೆ ಕೈ ನಡುಗಿಸುತ್ತ, ಕಣ್ಣು ಒದ್ದೆ ಮಾಡಿಕೊಂಡು ಕಂಬಳಿ ಹಿಡಿದ. ಅಂಥ ಫೋಟೋ ನಾನು ಜೀವಮಾನದಲ್ಲಿ ತೆಗೆದಿರಲಿಲ್ಲ.

ಅಧ್ಯಕ್ಷೆ ಕರಗಿ ಹೋದರು. ‘ಅಜ್ಜಾ, ಮತ್ತೇನರ ಬೇಕೇನು?’

‘ಏನಿಲ್ಲ ಬಾಯಾರ, ಲಗೂನ ಹೊಂಡ್ರಿ ಅಷ್ಟ. ಇನ್ನೊಂದ್ ಪಾರ್ಟಿ ಬರೂದೈತಿ. ಈ ಕಂಬಳಿ ನೋಡಿದ್ರ ಅವರಿಗೆ ಬ್ಯಾಸರ ಆಕ್ಕೈತಿ.’

ಉಡಿ

ವರ್ಷ ಮುಗಿಯುತ್ತ ಬಂತು. ಡಿಸ್ಟ್ರಿಕ್ಟ್ ಮೇಡಂ ಬರುತ್ತಾರೆಂದು ಸುದ್ದಿ ಬಂತು. ಎಲ್ಲ ಕ್ಲಬ್ಬುಗಳ ಮೇಲಿನವರು ಅವರು. ಢಾಲು ಯಾರಿಗೆಂದು ತೀರ್ಮಾನ ಮಾಡುವವರೂ ಅವರೇ. ಪ್ರತಿ ಕ್ಲಬ್ಬು ದತ್ತು ತೆಗೆದುಕೊಂಡ ಹಳ್ಳಿಗೆ ಹೋಗಿ ಕಣ್ಣಾರೆ ನೋಡುತ್ತಾರಂತೆ. ನಮ್ಮದು ಯಡೂರಿನ ಆಚೆ, ಕೃಷ್ಣೆಯ ದಂಡೆಯ ಮೇಲಿನ ಹಳ್ಳಿ. ದತ್ತು ತೆಗೆದುಕೊಂಡು ಬಹಳ ದಿನವಾಗಿತ್ತು. ಹಳ್ಳಿಯವರಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ಅವಸರದಲ್ಲಿ ಏನಾದರೂ ಸೇವೆ ಮಾಡಲೇಬೇಕಾಯಿತು. ಅಧ್ಯಕ್ಷೆ ತಮ್ಮ ಮನೆಯ ಬೀರು ತೆರೆದರು. ಅದರ ತುಂಬ ಖಣ, ಎಂದರೆ ಕುಬಸ ಹೊಲಿಸಲೆಂದು ಕೊಡುವ ಬಟ್ಟೆ. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದಿಲ್ಲ. ಅಕ್ಕಿ, ಕಾಯಿ, ಎಲೆ, ಅಡಿಕೆ ಹಾಕಿ ಮೇಲೊಂದು ಖಣ ಇಡುತ್ತಾರೆ. ಆ ಖಣವನ್ನು ಹೊಲಿಸಿ ತೊಟ್ಟವರನ್ನು ನಾನಂತೂ ಕಂಡಿಲ್ಲ. ಅದು ಬೀರುವಿಗೆ ಹೋಗುತ್ತದೆ, ಮುಂದೆ ಬಂದ ಮುತ್ತೈದೆಯ ಉಡಿಗೆ ಬೀಳುತ್ತದೆ. ಹೀಗೆ ಕೂಡಿಬಿದ್ದ ಖಣಗಳನ್ನೆಲ್ಲ ಗಂಟು ಕಟ್ಟಿ ಒಯ್ದು, ಹಳ್ಳಿಯ ಹೆಂಗಸರಿಗೆ ಹಂಚಿ, ‘ಗ್ರಾಮೀಣ ಮಹಿಳಾ ಸನ್ಮಾನ ಯೋಜನೆ’ ಎಂದು ಬ್ಯಾನರು ಹಚ್ಚಿದರು. ಬೀರುವೂ ಖಾಲಿಯಾಯಿತು.

ಮುಂದಿನ ವಾರ ಡಿಸ್ಟ್ರಿಕ್ಟ್ ಮೇಡಂ ಬಂದರು. ಒಬ್ಬ ಗೌಡತಿಯ ಮನೆಯ ಅಂಗಳದಲ್ಲಿ, ಎಮ್ಮೆ ಕಟ್ಟುವ ಜಾಗವನ್ನು ಸಾರಿಸಿ ಸಭೆ. ಭಾಷಣವಾಯಿತು, ಚಪ್ಪಾಳೆಯಾಯಿತು. ಮೇಡಂಗೆ ಎಲ್ಲ ಹಿಡಿಸಿದ ಹಾಗೆ ಕಾಣುತ್ತಿತ್ತು. ಅಧ್ಯಕ್ಷೆ ನನ್ನ ಕಿವಿಯಲ್ಲಿ, ‘ಢಾಲು ನಮ್ಮದ ಆತು ಅಂತ ತಿಳ್ಕೋರಿ. ಈ ದೀಪಾವಳಿಗೆ ಚಹಾ ಆಕಿ ತರ್ತಾಳ’ ಎಂದರು. ಕಣ್ಣಲ್ಲಿ ನೀರೇ ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನಗೂ ಇವರಿಗೆ ಢಾಲು ಸಿಗಲಿ ಎನ್ನಿಸಿತು.

ಹೊರಡುವಾಗ ಗೌಡತಿ ಬಾಗಿಲಿಗೆ ಅಡ್ಡ ನಿಂತಳು. ‘ಹಂಗ ಹೆಂಗ ಹೊಕ್ಕೀರಿ ಬಾಯಾರ? ಮೊದಲ ಸಲ ಮನಿಗೆ ಬಂದೀರಿ. ಉಡಿ ತುಂಬಸ್ಕೊಂಡ ಹೋಗ್ರಿ.’ ಮೇಡಂ ಮಣೆಯ ಮೇಲೆ ಕೂತು ಸೆರಗೊಡ್ಡಿದರು. ಯಥಾಪ್ರಕಾರ ನಾನು ಮೊಬೈಲು ಹಿಡಿದು ಎಮ್ಮೆಯ ಪಕ್ಕಕ್ಕೆ ನಿಂತೆ.

ಅಕ್ಕಿ ಬಿತ್ತು. ಕಾಯಿ ಬಿತ್ತು. ಮೇಲೆ ಒಂದು ಖಣ ಬಿತ್ತು: ಗಿಣಿಹಸಿರು, ಕಿತ್ತಳೆ ಅಂಚು, ಅಂಚಿನ ತುಂಬ ಜರಿಯ ನವಿಲು. ಮೇಡಂ ಅದನ್ನೇ ನೋಡತೊಡಗಿದರು. ನಾನೂ ನೋಡಿದೆ, ಗುರುತು ಹತ್ತಿತು. ವರ್ಷದ ಮೊದಲಿಗೆ ನಮ್ಮ ಅಧ್ಯಕ್ಷೆ ಅಧಿಕಾರ ವಹಿಸಿಕೊಂಡಾಗ, ಇದೇ ಮೇಡಂ ಇದೇ ಖಣವನ್ನು ವೇದಿಕೆಯ ಮೇಲೆ ಕೊಟ್ಟಿದ್ದರು. ‘ನಿಮ್ಮ ಸಲುವಾಗಿ ನಾನ ಅಂಗಡಿ ಅಂಗಡಿ ತಿರುಗಿ ಆರಿಸಿದ್ದು’ ಎಂದು ಮೈಕಿನಲ್ಲಿ ಹೇಳಿದ್ದರು. ಫೋಟೋ ನಾನೇ ತೆಗೆದಿದ್ದೆ.

‘ಖಣ ಛಂದ ಐತೆಲ್ಲಾ’ ಎಂದರು ಮೇಡಂ, ಸಕ್ಕರೆಯಂಥ ದನಿಯಲ್ಲಿ. ‘ಎಲ್ಲಿ ತಗೊಂಡ್ರಿ?’

‘ತಗೊಂಡದ್ದಲ್ರಿ’ ಎಂದಳು ಗೌಡತಿ ಅಭಿಮಾನದಿಂದ, ‘ಹ್ವಾದ ವಾರ ಈ ನಿಮ್ಮ ಬಾಯಾರ ಕೊಟ್ಟಿದ್ರು.’

ಮೇಡಂ ಅಧ್ಯಕ್ಷೆಯ ಕಡೆ ತಿರುಗಿದರು. ಅಧ್ಯಕ್ಷೆ ಅವಸರದಿಂದ ಸೆರಗು ಸರಿಮಾಡಿಕೊಂಡರು. ಢಾಲು ಮತ್ತೆ ನಿಪ್ಪಾಣಿಯ ಹಾದಿ ಹಿಡಿಯಿತೆಂದೇ ನಾನು ತಿಳಿದೆ.

ಅಷ್ಟರಲ್ಲಿ ಉಪಾಧ್ಯಕ್ಷೆ ಮುಂದೆ ಬಂದರು. ಖಣದ ತುದಿ ಹಿಡಿದು, ಕನ್ನಡಕ ಸರಿಮಾಡಿಕೊಂಡು ನೋಡಿ, ಕಳೆದ ಕೂಸು ಸಿಕ್ಕವರ ಹಾಗೆ ಕೂಗಿದರು: ‘ಅಗಬಾಯಿ! ಇದು ನಂದಲ್ಲೇನ್ರಿ! ಮೇಡಂ, ಹ್ವಾದ ವರ್ಷ ನೀವು ನಮ್ಮನಿಗೆ ಊಟಕ್ಕ ಬಂದಾಗ ನಾನ ನಿಮಗ ಉಡಿ ತುಂಬಿದ್ದಿಲ್ಲೇನು? ಇಲ್ಲೆ ನೋಡ್ರಿ, ಇಸ್ತ್ರಿ ತಾಗಿದ ಕಲೆ. ನಮ್ಮನ್ಯಾಗ ಸುಟ್ಟದ್ದು ಇದು!’

ಈಗ ಮೇಡಂ ಮುಖದ ಬಣ್ಣವೂ ಇಳಿಯಿತು. ಅಧ್ಯಕ್ಷೆ ಅವರನ್ನು ನೋಡಿದರು, ಅವರು ಅಧ್ಯಕ್ಷೆಯನ್ನು ನೋಡಿದರು, ಆಮೇಲೆ ಇಬ್ಬರೂ ಕೂಡಿ ನೆಲ ನೋಡಿದರು.

ಗೌಡತಿಗೆ ವಿಷಯ ತಿಳಿಯಿತು. ಅವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಖಣವನ್ನು ಮತ್ತೊಮ್ಮೆ ಚೆನ್ನಾಗಿ ಮಡಿಸಿ ಮೇಡಂ ಉಡಿಗೇ ಇಟ್ಟು, ಸಮಾಧಾನ ಹೇಳಿದಳು: ‘ಯಾಕ ಮಾರಿ ಸಣ್ಣ ಮಾಡ್ತೀರಿ ಬಾಯಾರ? ಒಯ್ರಿ, ಒಯ್ರಿ. ಹೊಲಿಸಬ್ಯಾಡ್ರಿ ಅಷ್ಟ. ಹೊಲಿಸಿದ್ರ ಅಲ್ಲೇ ನಿಂತ್ ಬಿಡ್ತೈತಿ.’

ಢಾಲು ನಮಗೇ ಬಂತು. ಕೊಡುವಾಗ ಮೇಡಂ ನಮ್ಮ ಅಧ್ಯಕ್ಷೆಯ ಮುಖ ನೋಡಲಿಲ್ಲ, ತೆಗೆದುಕೊಳ್ಳುವಾಗ ಅಧ್ಯಕ್ಷೆಯೂ ಅವರ ಮುಖ ನೋಡಲಿಲ್ಲ. ನಿಪ್ಪಾಣಿಯ ನೆಗೆಣ್ಣಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಯಾವ ಸೇವೆಗಾಗಿ ಈ ಢಾಲು ಎಂಬುದನ್ನು ಮೇಡಂ ತಾವೇ ಮೈಕಿನಲ್ಲಿ ಹೇಳಿದರು: ‘ವಸ್ತುಗಳ ಮರುಬಳಕೆಯ ಬಗ್ಗೆ ಗ್ರಾಮೀಣ ಮಹಿಳೆಯರಲ್ಲಿ ಜಾಗೃತಿ ಮೂಡಿಸಿದ್ದಕ್ಕಾಗಿ.’

ಸಭೆಯೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ಉಪಾಧ್ಯಕ್ಷೆ ನನ್ನ ಹತ್ತಿರ ಸರಿದು, ನಿಜವಾದ ಕಳವಳದಿಂದ ಕೇಳಿದರು: ‘ಅಲ್ರಿ, ಈ ಪ್ರಾಜೆಕ್ಟ್ ಯಾವಾಗ ಮಾಡಿದ್ರಿ? ನನಗ ಯಾರೂ ಹೇಳೇ ಇಲ್ಲ!’